ಆಟದ ಸಾಮಾನಿಗೆ ಎಂಥ ಹಲಿಗಿ ಆದ್ರೇನು?

ಈ ಸೋಮವಾರ ಬಳ್ಳಾರಿಯ ಪ್ಲೈವುಡ್ ಅಂಗಡಿಯೊಂದರಲ್ಲಿ ಕೇಳಿದ ಮಾತು ಇನ್ನೂ ಕಿವಿ ಬಿಟ್ಟಿಲ್ಲ. ಹನ್ನೆರಡರ ಆಸುಪಾಸಿನ ಹುಡುಗಿ, ಕೈಯಲ್ಲಿ ಗ್ರಾಫ್ ಪುಸ್ತಕ. ಅದರಲ್ಲಿ ಪೆನ್ಸಿಲಿನಿಂದ ಬರೆದ, ಪುಟ್ಟ ಮಾದರಿ ರೈಲು ಓಡಿಸುವ ಮೊಟ್ಟೆಯಾಕಾರದ ರೈಲುದಾರಿ. ಒಂದು ಚೌಕಕ್ಕೆ ಮೂರು ಇಂಚು ಎಂದು ಮೂಲೆಯಲ್ಲಿ ಬರೆದೂ ಇದ್ದಳು. "ಪಾರ್ಟಿಕಲ್ ಬೋರ್ಡ್ ಬಾಗ್ತೈತಪ್ಪ, ಪ್ಲೈವುಡ್ಡೇ ಒಯ್ಯೋಣು" ಅಂದಳು. "ಆಟದ ಸಾಮಾನಿಗೆ ಎಂಥ ಹಲಿಗಿ ಆದ್ರೇನವ್ವ?" ಅಂದರು ಅಪ್ಪ. ಅಂಗಡಿಯವರು ನಕ್ಕು ಪಾರ್ಟಿಕಲ್ ಬೋರ್ಡಿನ ಕಡೆಗೇ ಕೈ ತೋರಿಸಿದರು.

ಅಪ್ಪ ಜುಗ್ಗರಲ್ಲ. ಎಂಜಿನ್ನು, ಬೋಗಿಗಳ ಸೆಟ್ಟು ಆಗಲೇ ಮನೆಗೆ ಬಂದಿದೆ ಎಂದು ಅವರೇ ಖುಷಿಯಿಂದ ಹೇಳಿದರು. ಸಿಟ್ಟು ಬಂದದ್ದು ಅಂಗಡಿಯವರ ಮೇಲೆ. ದಿನವೂ ಬೋರ್ಡು ಮಾರುವವರಿಗೆ ಅದರ ಅಂಚಿನಲ್ಲಿ ಸ್ಕ್ರೂ ನಿಲ್ಲುವುದಿಲ್ಲ ಎಂಬುದು ಚೆನ್ನಾಗಿ ಗೊತ್ತು. ಬಾಯಿ ಬಿಡಲಿಲ್ಲ.

ಹುಡುಗಿ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಪಾರ್ಟಿಕಲ್ ಬೋರ್ಡ್ ಅಂದರೆ ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿದ ಹಲಗೆ. ತೇವ ತಾಗಿದರೆ ಅಂಚು ಊದುತ್ತದೆ, ಒಣಗಿದ ಮೇಲೂ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ. ಬಳ್ಳಾರಿಯಲ್ಲಿ ತೇವ ಎಲ್ಲಿಂದ ಎನ್ನಬೇಡಿ. ಬೇಸಿಗೆಯ ಮೂರು ತಿಂಗಳು ನೀರಿನ ಕೂಲರ್ ಓಡುವ ಕೋಣೆಯಲ್ಲೇ ಅಲ್ಲವೇ ಮಕ್ಕಳು ಆಡುವುದು? ಹಲಗೆ ಎರಡು ಮಿಲಿಮೀಟರ್ ಎದ್ದರೆ ಕುರ್ಚಿಗೆ, ಮೇಜಿಗೆ ಏನೂ ಆಗದು. 1:87 ಅಳತೆಯ, ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲಿನಷ್ಟಿರುವ ರೈಲಿಗೆ ಅದು ನಿಜವಾದ ಹಳಿ ಹದಿನೇಳು ಸೆಂಟಿಮೀಟರ್ ಎದ್ದ ಹಾಗೆ. ಗಾಲಿಯ ಅಂಚಿನ ತುಟಿ ಒಂದು ಮಿಲಿಮೀಟರ್ ಆಸುಪಾಸು. ಅದೊಂದೇ ರೈಲನ್ನು ಹಳಿಯ ಮೇಲೆ ಹಿಡಿದಿರುವುದು.

ಅವಳ ನಕ್ಷೆಗೆ ಬೇಕಾದದ್ದು 8x4 ಅಡಿಯ 12 ಮಿ.ಮೀ. ಪ್ಲೈವುಡ್ ಒಂದು ಶೀಟು, ಅದರಡಿ ರೀಪರ್ ಪಟ್ಟಿಯ ಚೌಕಟ್ಟು, ಒಂದೂವರೆ ಅಡಿಗೊಂದು ಅಡ್ಡಪಟ್ಟಿ. 18 ಇಂಚು ತ್ರಿಜ್ಯದ ಬಾಗುಹಳಿ 12 ತುಂಡು ಸೇರಿದರೆ ಒಂದು ಪೂರ್ತಿ ಸುತ್ತು. ನಡುವೆ ಎರಡೂ ಬದಿಗೆ 9 ಇಂಚಿನ ನೇರ ಹಳಿ ನಾಲ್ಕು ನಾಲ್ಕು. ಆಗ ದಾರಿ ಮೂರಡಿ ಅಗಲ, ಆರಡಿ ಉದ್ದ. ಅಗಲದಲ್ಲಿ ಎರಡೂ ಕಡೆ ಆರಾರು ಇಂಚು ಉಳಿಯುತ್ತದೆ. ರೈಲು ಬಿದ್ದರೂ ನೆಲಕ್ಕೆ ಬೀಳದು. ಶೀಟನ್ನು ಗೋಡೆಗೆ ಒತ್ತಿ ಇಡಬಾರದು. ಕೈ ಎರಡೂವರೆ ಅಡಿಯಾಚೆ ಎಟುಕುವುದಿಲ್ಲ, ರೈಲು ಬೀಳುವುದು ಮಾತ್ರ ಅಲ್ಲೇ.

ಹಳಿ ಕೊಳ್ಳುವಾಗ ನಿಕಲ್ ಸಿಲ್ವರಿನದೇ ಕೇಳಬೇಕು. ಹೆಸರಿನಲ್ಲಿದ್ದರೂ ಅದರಲ್ಲಿ ಬೆಳ್ಳಿ ಇಲ್ಲ. ತಾಮ್ರ, ನಿಕಲ್, ಸತುವಿನ ಮಿಶ್ರಣ. ಹಳೇ ಸೆಟ್ಟಿನ ಹಿತ್ತಾಳೆ ಹಳಿ ಅಗ್ಗಕ್ಕೆ ಸಿಗಬಹುದು, ಆದರೆ ಅದರ ಮೇಲೆ ಕೂರುವ ಕಪ್ಪು ಪದರ ಹಳಿಯಿಂದ ಎಂಜಿನ್ನಿಗೆ ಹೋಗುವ ಕರೆಂಟು ತಡೆಯುತ್ತದೆ. ಅದಿರಿನ ಲಾರಿ ಓಡಾಡುವ ರಸ್ತೆ ಬದಿಯ ಮನೆಯಲ್ಲಿ ಕೆಂಧೂಳೂ ಸೇರಿದರೆ ಎಂಜಿನ್ನು ಹೆಜ್ಜೆಗೊಮ್ಮೆ ನಿಲ್ಲುತ್ತದೆ. ಹತ್ತಿ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಬೇಕು. ಉಪ್ಪುಕಾಗದ ಹಚ್ಚಿದರೆ ಗೀರು ಬಿದ್ದು, ಆ ಗೀರಿನಲ್ಲೇ ಮತ್ತೆ ಕೊಳೆ ಕೂರುತ್ತದೆ.

ಹಳಿ ಬಿಸಿಲಿಗೆ ಹಿಗ್ಗುತ್ತದೆ. ಈ ದಾರಿಯ ಸುತ್ತಳತೆ ಸುಮಾರು 4.7 ಮೀಟರ್. ಡಿಸೆಂಬರಿನಲ್ಲಿ ಒತ್ತೊತ್ತಾಗಿ ಕೂಡಿಸಿದರೆ, ಏಪ್ರಿಲ್‌ನಲ್ಲಿ ಕೋಣೆ 20 ಡಿಗ್ರಿ ಹೆಚ್ಚು ಕಾದಾಗ ಒಂದೂವರೆ ಮಿಲಿಮೀಟರಿನಷ್ಟು ಹಳಿ ಎಲ್ಲಾದರೂ ಹೊರಗೆ ಉಬ್ಬಲೇಬೇಕು. ನೇರ ಹಳಿಯ ಐದಾರು ಸಂದುಗಳಲ್ಲಿ ಪೋಸ್ಟ್‌ಕಾರ್ಡಿನಷ್ಟು ಎಡೆ ಬಿಟ್ಟರೆ ಸಾಕು. ಬಾಗಿನಲ್ಲಿ ಬಿಡಬಾರದು, ಅಲ್ಲಿ ಗಾಲಿ ಎಡವುತ್ತದೆ. ಎಡೆ ಇದ್ದಲ್ಲಿ ಹಳಿಗೆ ಹಳಿ ಕೂಡಿಸುವ ಜಾಯಿನರ್ ಸಡಿಲವಾಗಿ ಕರೆಂಟು ಕೈಕೊಡುತ್ತದೆ. ಅದಕ್ಕೇ ಹಲಗೆಯ ಅಡಿಯಲ್ಲಿ 1 ಸ್ಕ್ವೇರ್ ಎಂಎಂ ಕೆಂಪು, ಕಪ್ಪು ವೈರು ಸುತ್ತ ಎಳೆದು, ಅದರಿಂದ ಮೂರಡಿಗೊಂದು ಜೋಡಿ ಸಣ್ಣ ವೈರನ್ನು ಹಳಿಯ ಹೊರಮೈಗೆ ಬೆಸುಗೆ ಹಾಕುವುದು. ಒಟ್ಟು ಐದು ಜೋಡಿ.

ಹಳಿಯಡಿಗೆ ಥರ್ಮಾಕೋಲ್ ಬೇಡ, ಒತ್ತಿದಲ್ಲಿ ಕುಸಿಯುತ್ತದೆ. 5 ಮಿ.ಮೀ. ಕಾರ್ಕ್ ಶೀಟನ್ನು ಪಟ್ಟಿ ಮಾಡಿ, ಉದ್ದಕ್ಕೆ ಎರಡಾಗಿ ಸೀಳಿದರೆ ಬಾಗಿನಲ್ಲೂ ಮಲಗುತ್ತದೆ. ಬಿಳಿ ಫೆವಿಕಾಲ್ ಸಾಕು. ಹಳಿಯ ಸುತ್ತ ಹಾಕುವ ಜಲ್ಲಿಗೆ ಅದಿರಿನ ಪುಡಿ ಎಲ್ಲರಿಗೂ ಮೊದಲು ಹೊಳೆಯುವುದು, ಊರ ತುಂಬ ಇದೆಯಲ್ಲ. ಅದರಲ್ಲಿ ಅಯಸ್ಕಾಂತಕ್ಕೆ ಅಂಟುವ ಮ್ಯಾಗ್ನಟೈಟ್ ಅದಿರಿನ ಕಣ ಬೆರೆತಿದ್ದರೆ ಎಂಜಿನ್ನಿನ ಮೋಟಾರಿನೊಳಗಿನ ಅಯಸ್ಕಾಂತ ಎಳೆದುಕೊಂಡು ಮೋಟಾರೇ ಹಾಳು. ಕ್ರಷರಿನ ಕಪ್ಪುಕಲ್ಲಿನ ಪುಡಿಯನ್ನು ಚಹಾ ಸೋಸುವ ಜರಡಿಯಲ್ಲಿ ಸೋಸಿ, ತೊಳೆದು, ಒಣಗಿಸಿ, ಅದರ ಮೇಲೂ ಅಯಸ್ಕಾಂತ ಆಡಿಸಿ ನೋಡಬೇಕು. ಮುಕ್ಕಾಲು ಮಿಲಿಮೀಟರಿಗಿಂತ ದಪ್ಪ ಬೇಡ. ನಿಜವಾದ ಹಳಿಯ 65 ಮಿ.ಮೀ. ಜಲ್ಲಿ ಈ ಅಳತೆಗೆ ಇಳಿದರೆ ಅಷ್ಟೇ. ಮರಗಳಿಗೆ ಮಾತ್ರ ದುಡ್ಡು ಹಾಕಬೇಕಿಲ್ಲ. ಬಳ್ಳಾರಿ ಜಾಲಿಯ ಒಣ ಕಡ್ಡಿಗಿಂತ ಚೆಂದದ ರೆಂಬೆ ಎಲ್ಲಿದೆ!

ಆಟದ ಸಾಮಾನಿಗೆ ಎಂಥ ಹಲಿಗಿ ಆದ್ರೇನು. ಆ ಮಾತಿಗೆ ಹುಡುಗಿ ಎದುರಾಡಲಿಲ್ಲ, ಪುಸ್ತಕ ಮುಚ್ಚಿದಳು. ಕಾಡುವುದು ಅದೇ. ಮೂರು ಇಂಚಿಗೆ ಒಂದು ಚೌಕ ಲೆಕ್ಕ ಹಾಕಿದ ಮಗುವಿಗೆ ಅದು ಆಟದ ಸಾಮಾನಲ್ಲ, ಕೆಲಸ. ಅವಳ ಲೆಕ್ಕವನ್ನು ಒಬ್ಬರಾದರೂ ಬಿಡಿಸಿ ನೋಡಬಹುದಿತ್ತು.

ಕೊನೆಗೆ ಆಟೋದ ಮೇಲೆ ಹೋದದ್ದು ಪಾರ್ಟಿಕಲ್ ಬೋರ್ಡೇ. ಅದನ್ನೂ ಉಳಿಸಿಕೊಳ್ಳಬಹುದು. ಬೇರೆ ಏನೂ ಅಂಟಿಸುವ ಮುಂಚೆ ಎರಡೂ ಮೈಗೆ, ನಾಲ್ಕೂ ಅಂಚಿಗೆ ವುಡ್ ಪ್ರೈಮರ್ ಎರಡು ಕೋಟು. ಕೊಯ್ದ ಅಂಚು ಹೆಚ್ಚು ಕುಡಿಯುತ್ತದೆ, ಅಲ್ಲಿ ಮೂರು. ಅಡ್ಡಪಟ್ಟಿ ಒಂದಡಿಗೊಂದು. ಮೊದಲೇ ತೂತು ಕೊರೆದು, ಸ್ಕ್ರೂವನ್ನು ಮೇಲಿನಿಂದ ಬೋರ್ಡು ದಾಟಿಸಿ ರೀಪರಿನ ಮರಕ್ಕೇ ಕಚ್ಚಿಸಬೇಕು. ಹಳಿಗೆ ಮೊಳೆ ಹೊಡೆಯದೆ ಕಾರ್ಕಿಗೆ ಅಂಟಿಸಬೇಕು. ಕೂಲರಿನ ಗಾಳಿ ನೇರ ಬಡಿಯದ ಗೋಡೆಯ ಕಡೆ, ಗೋಡೆಗೆ ತಾಗದಂತೆ.