ಸದ್ದು ನಿಂತ ರಾತ್ರಿಗಳು

ನಮ್ಮ ಮನೆಯ ಹಿಂದಿನ ಗೋಡೆಯಿಂದ ಕೊಳಚೆ ನೀರು ಶುದ್ಧ ಮಾಡುವ ಪ್ಲಾಂಟಿನ ಬೇಲಿಗೆ ಮುನ್ನೂರು ಹೆಜ್ಜೆ. ನಾನೇ ಎಣಿಸಿದ್ದೇನೆ. ಇಲ್ಲಿಗೆ ಬಂದು ಆರು ವರ್ಷವಾಯಿತು. ಮೊದಲ ನಾಲ್ಕು ವರ್ಷ ಅಲ್ಲೊಂದು ಪ್ಲಾಂಟ್ ಇದೆ ಅನ್ನುವುದೇ ನೆನಪಿಗೆ ಬರುತ್ತಿರಲಿಲ್ಲ. ಆಮೇಲೆ ರಾತ್ರಿಗಳು ಕೆಟ್ಟವು.

ಕೊಳೆತ ಮೊಟ್ಟೆಯ ವಾಸನೆ. ನಡುರಾತ್ರಿ ದಾಟಿದ ಮೇಲೆ ಕಿಟಕಿ ಸಂದಿಯಿಂದ ಒಳಗೆ ಬರುತ್ತಿತ್ತು. ಮಗಳು ಎದ್ದು ಕೂತು ತಲೆನೋವು ಅಂತ ಅಳುತ್ತಿದ್ದಳು. ಪಕ್ಕದ ಮನೆಯ ಅಜ್ಜಿಗೆ ಮೊದಲೇ ಉಬ್ಬಸ. ಎಂಥ ಸೆಕೆಯಲ್ಲೂ ಅವರು ಕಿಟಕಿ ಬಿಗಿಯಾಗಿ ಮುಚ್ಚಿಕೊಂಡೇ ಮಲಗುತ್ತಿದ್ದರು. ಕಪಾಟಿನಲ್ಲಿಟ್ಟಿದ್ದ ನನ್ನ ಬೆಳ್ಳಿ ಉಂಗುರ ಕೆಲವೇ ವಾರಗಳಲ್ಲಿ ಕಪ್ಪಾಯಿತು. ಹೈಡ್ರೋಜನ್ ಸಲ್ಫೈಡ್ ಅನಿಲ ಬೆಳ್ಳಿಗೆ ಮಾಡುವ ಕೆಲಸ ಅದು. ಗಾಳಿಯಲ್ಲಿ ತುಂಬಾ ಕಡಿಮೆ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಜಾಸ್ತಿಯಾದರೆ ಕಣ್ಣು ಉರಿಯುತ್ತದೆ, ಹೊಟ್ಟೆ ತೊಳೆಸುತ್ತದೆ.

ದೂರು ಕೊಟ್ಟೆವು. ಅಧಿಕಾರಿಗಳು ಬೆಳಗ್ಗೆ ಹನ್ನೊಂದಕ್ಕೆ ಬಂದರು, ನಿಂತು ನೋಡಿದರು, ವಾಸನೆ ಇಲ್ಲ ಎಂದು ಬರೆದುಕೊಂಡು ಹೋದರು. ಎರಡನೇ ಸಲವೂ ಹಾಗೇ ಆಯಿತು. ಅವರು ಬರೆದದ್ದು ಸುಳ್ಳಲ್ಲ. ಹಗಲು ನೆಲ ಕಾದು ಗಾಳಿ ಮೇಲಕ್ಕೇರುತ್ತದೆ, ವಾಸನೆ ಚದುರಿಹೋಗುತ್ತದೆ. ಗಾಳಿ ಬೀಸದ ರಾತ್ರಿಯಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಅಲ್ಲೇ ಕೂತುಬಿಡುತ್ತದೆ, ಅದರ ಜೊತೆಗೆ ಅನಿಲವೂ. ಹನ್ನೊಂದು ಗಂಟೆಯ ಪರಿಶೀಲನೆಯಲ್ಲಿ ಸಿಗದ್ದು ನಮಗೆ ರಾತ್ರಿ ಎರಡಕ್ಕೆ ಸಿಗುತ್ತಿತ್ತು.

ಆಗ ನೋಟ್‌ಬುಕ್ ಶುರು ಮಾಡಿದೆವು. ನಾಲ್ಕು ಮನೆ, ನಾಲ್ಕು ಪುಸ್ತಕ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಬಾರದು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ತಾರೀಖು, ಸಮಯ, ವಾಸನೆ ಎಂಥದ್ದು, 1ರಿಂದ 5ರೊಳಗೆ ಎಷ್ಟು ಜೋರು, ಗಾಳಿ ಯಾವ ಕಡೆಯಿಂದ. ಗಾಳಿ ನೋಡೋಕೆ ನಮ್ಮ ತಾರಸಿ ಮೇಲೆ ಕೋಲಿಗೆ ಒಂದು ಬಟ್ಟೆ ಪಟ್ಟಿ ಕಟ್ಟಿದ್ದೆ. ಪ್ಲಾಂಟಿನ ಕಡೆಯಿಂದ ಗಾಳಿ ಬರದ ರಾತ್ರಿ ವಾಸನೆ ಇಲ್ಲದಿದ್ದರೆ ಅದನ್ನೂ ಬರೆಯಬೇಕು. ವಾಸನೆ ಬಂದ ದಿನ ಮಾತ್ರ ಬರೆದರೆ ಯಾರೂ ನಂಬುವುದಿಲ್ಲ, ನಂಬಲೂಬಾರದು.

ಮೂರನೇ ವಾರ ಅಜ್ಜಿ ಒಂದು ಮಾತು ಹೇಳಿದರು. ಅವರಿಗೆ ನಿದ್ದೆ ಕಡಿಮೆ. "ಆ ಗುಂಯ್ ಅನ್ನೋ ಸದ್ದು ನಿಲ್ಲತ್ತಲ್ಲಮ್ಮ, ಅದಾಗಿ ಸ್ವಲ್ಪ ಹೊತ್ತಿಗೇ ನಾತ ಶುರುವಾಗತ್ತೆ" ಅಂದರು. ನನಗೆ ಮೈ ಜುಮ್ಮೆಂದಿತು. ಆ ಸದ್ದು ಬ್ಲೋವರ್‌ನದು. ದೊಡ್ಡ ತೊಟ್ಟಿಗಳ ತಳದಿಂದ ನೀರಿಗೆ ಗಾಳಿ ಊದುವ ಯಂತ್ರ. ಕೊಳಚೆಯನ್ನು ತಿಂದು ನೀರು ತಿಳಿಯಾಗಿಸುವುದು ಬ್ಯಾಕ್ಟೀರಿಯಾ. ಅವಕ್ಕೆ ಉಸಿರಾಡಲು ನೀರಿನಲ್ಲಿ ಆಮ್ಲಜನಕ ಬೇಕು, ಲೀಟರಿಗೆ ಸುಮಾರು 2 ಮಿಲಿಗ್ರಾಂ. ಊದುವುದು ನಿಂತರೆ ಅದು ಬೇಗ ಮುಗಿದುಹೋಗುತ್ತದೆ. ಆಮೇಲೆ ಗಾಳಿ ಬೇಡದ ಬೇರೆ ಬ್ಯಾಕ್ಟೀರಿಯಾಗಳ ಕಾರುಬಾರು. ಕೊಳೆತ ಮೊಟ್ಟೆಯ ಅನಿಲ ಹುಟ್ಟುವುದು ಅವುಗಳಿಂದ. ಯಾಕೆ ನಿಲ್ಲಿಸುತ್ತಾರೆ ಅಂದರೆ, ಇಂಥ ಪ್ಲಾಂಟಿನಲ್ಲಿ ಕರೆಂಟು ಜಾಸ್ತಿ ತಿನ್ನುವುದೇ ಗಾಳಿ ಊದುವ ಕೆಲಸ. ಒಟ್ಟು ಖರ್ಚಾಗುವ ಕರೆಂಟಿನಲ್ಲಿ ಅರ್ಧದಷ್ಟು, ಕೆಲವು ಕಡೆ ಅದಕ್ಕೂ ಜಾಸ್ತಿ.

ಅವತ್ತಿನಿಂದ ಪುಸ್ತಕದಲ್ಲಿ ಇನ್ನೊಂದು ಕಾಲಂ ಸೇರಿತು: ಸದ್ದು ಇದೆ, ಸದ್ದು ಇಲ್ಲ. ಮೂರು ತಿಂಗಳಾದ ಮೇಲೆ ನಾಲ್ಕೂ ಪುಸ್ತಕ ಮೇಜಿನ ಮೇಲೆ ಹರಡಿ ಕೂತೆವು. ಸದ್ದು ಹನ್ನೊಂದೂವರೆ ಹೊತ್ತಿಗೆ ನಿಲ್ಲುತ್ತಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಮತ್ತೆ ಶುರು. ಎಲ್ಲರ ಪುಸ್ತಕದಲ್ಲೂ 5 ಅಂತ ಬರೆದಿದ್ದ ಹೊತ್ತು ಯಾವುದು ಗೊತ್ತಾ? ನಾಲ್ಕು ದಾಟಿದ ಮೊದಲ ಅರ್ಧ ಗಂಟೆ. ರಾತ್ರಿಯೆಲ್ಲ ನೀರಿನಲ್ಲಿ ಸೇರಿಕೊಂಡಿದ್ದ ಅನಿಲವನ್ನು ಹೊಸದಾಗಿ ಊದಿದ ಗಾಳಿ ಒಟ್ಟಿಗೇ ಹೊರಗೆ ಎಬ್ಬಿಸುತ್ತಿತ್ತು.

ಅಧಿಕಾರಿಗಳು ಮತ್ತು ಪ್ಲಾಂಟಿನವರ ಜೊತೆಗಿನ ಸಭೆಗೆ ಹೋದಾಗ ನಾವು "ವಾಸನೆ ಬರ್ತಿದೆ" ಅನ್ನಲಿಲ್ಲ. ಬ್ಲೋವರ್‌ನ ಲಾಗ್ ಬುಕ್ ತೋರಿಸಿ ಎಂದೆವು. ತೋರಿಸಿದರು. ಇಪ್ಪತ್ನಾಲ್ಕು ಗಂಟೆಯೂ ಓಡಿದೆ ಎಂದಿತ್ತು. ರಾತ್ರಿಯ ಪ್ರತಿ ಗಂಟೆಗೂ ಆಮ್ಲಜನಕ 2.0, ಒಂದೇ ಕೈಬರಹ, ಒಂದೇ ಶಾಯಿ. ಆದರೆ ಯಂತ್ರದ ಪ್ಯಾನೆಲ್ ಮೇಲೆ, ಅದು ಎಷ್ಟು ಗಂಟೆ ಓಡಿದೆ ಅಂತ ತಾನೇ ಎಣಿಸುವ ಒಂದು ಮೀಟರ್ ಇರುತ್ತದೆ. ಅದನ್ನು ನೋಡಬೇಕು, ಫೋಟೋ ತೆಗೆಯಬೇಕು ಎಂದು ಕೇಳಿದೆವು. ಸರಿಯಾಗಿ ಒಂದು ವಾರ ಬಿಟ್ಟು ಮತ್ತೆ ಹೋಗಿ ತೆಗೆದೆವು. ವಾರಕ್ಕೆ 168 ಗಂಟೆ. ಮೀಟರ್ ಓಡಿದ್ದು 137. ಆ ಕೋಣೆಯಲ್ಲಿ ಆಮೇಲೆ ಯಾರೂ ನಮ್ಮ ಮೂಗಿನ ಬಗ್ಗೆ ಮಾತಾಡಲಿಲ್ಲ.

ನೀರಿನ ವಿಷಯದಲ್ಲಿ ಮಾತ್ರ ನಾವೇ ಎಡವಿದೆವು. ಪ್ಲಾಂಟಿನ ನೀರು ಹೋಗಿ ಸೇರುವ ಹಳ್ಳ ಕಪ್ಪಾಗಿತ್ತು, ನೊರೆ ಏಳುತ್ತಿತ್ತು. ಕೆಳಗಡೆಯಿಂದ ಒಂದು ಬಾಟಲಿ ತುಂಬಿಸಿ ಲ್ಯಾಬ್‌ಗೆ ಕೊಟ್ಟೆವು. ಬಿಒಡಿ ಪರೀಕ್ಷೆಗೆ ನಮ್ಮ ದೇಶದಲ್ಲಿ ಸಾಮಾನ್ಯವಾಗಿ 3 ದಿನ ಬೇಕು. ಅಷ್ಟು ದಿನಗಳಲ್ಲಿ ನೀರಿನಲ್ಲಿರುವ ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಹಿಡಿಯುತ್ತದೆ ಅನ್ನುವ ಲೆಕ್ಕ ಅದು. ವರದಿ ಕೆಟ್ಟದಾಗೇ ಬಂತು. "ಮೇಲಿಂದಲೇ ಹಾಗೆ ಬರ್ತಿದೆ" ಎಂದುಬಿಟ್ಟರು ಪ್ಲಾಂಟಿನವರು. ನಮ್ಮ ಬಳಿ ಉತ್ತರ ಇರಲಿಲ್ಲ. ಮುಂದಿನ ಸಲ ಮೂರು ಬಾಟಲಿ: ಪ್ಲಾಂಟಿಗಿಂತ ಮೇಲೆ ಒಂದು, ಪೈಪಿನ ಬಾಯಲ್ಲಿ ಒಂದು, ಕೆಳಗೆ ಒಂದು. ಒಂದೇ ಬೆಳಗ್ಗೆ, ಇಬ್ಬರು ಸಾಕ್ಷಿಗಳ ಎದುರು, ಐಸ್ ಡಬ್ಬದಲ್ಲಿಟ್ಟು ಅವತ್ತೇ ಲ್ಯಾಬ್‌ಗೆ. ಮೇಲಿನ ನೀರು ಚೆನ್ನಾಗಿಯೇ ಇತ್ತು.

ಒಂದು ಮಾತು ಹೇಳಲೇಬೇಕು. ಪ್ಲಾಂಟ್ ಮುಚ್ಚಿ ಎಂದು ನಾವು ಯಾವತ್ತೂ ಕೇಳಿಲ್ಲ. ಅಲ್ಲಿಗೆ ಬರುವುದು ನಮ್ಮ ಮನೆಗಳ ನೀರೇ ಅಲ್ವಾ. ರಾತ್ರಿ ಪಾಳಿಯ ಹುಡುಗರ ಮೇಲೂ ಸಿಟ್ಟಿಲ್ಲ. ನಿಲ್ಲಿಸು ಅಂದಾಗ ನಿಲ್ಲಿಸುತ್ತಾರೆ ಅಷ್ಟೇ, ಆ ಗಾಳಿಯನ್ನು ನಮಗಿಂತ ಜಾಸ್ತಿ ಕುಡಿಯುವವರೂ ಅವರೇ. ಈ ಅನಿಲ ತುಂಬಾ ಜಾಸ್ತಿಯಾದರೆ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ. ಮುಚ್ಚಿದ ಗುಂಡಿಗೆ ಇಳಿದವರ ಜೀವ ಹೋಗುವುದು ಎಷ್ಟೋ ಸಲ ಹೀಗೆ. ಅವರಿಗೆ ಗ್ಯಾಸ್ ಅಳೆಯುವ ಯಂತ್ರ ಕೊಡಬೇಕು ಅನ್ನುವುದನ್ನೂ ನಮ್ಮ ಅರ್ಜಿಯಲ್ಲಿ ಸೇರಿಸಿದೆವು.

ಪ್ಲಾಂಟಿನವರಿಗೆ ನೋಟಿಸ್ ಹೋಯಿತು. ಈಗ ಬ್ಲೋವರ್ ಮೀಟರಿನ ರೀಡಿಂಗ್ ಮತ್ತು ಹೊರಹೋಗುವ ನೀರಿನ ವರದಿಯನ್ನು ಪ್ರತಿ ತಿಂಗಳು ಗೇಟಿನ ಹತ್ತಿರ ಅಂಟಿಸುತ್ತಾರೆ. ನಾನು ಹೋಗಿ ಫೋಟೋ ತೆಗೆದುಕೊಂಡು ಬರುತ್ತೇನೆ. ಕೆಸರು ಶೇಖರಿಸುವ ತೊಟ್ಟಿಗೆ ಮುಚ್ಚಳ ಹಾಕಿ, ಅಲ್ಲಿನ ಗಾಳಿಯನ್ನು ವಾಸನೆ ತಗ್ಗಿಸುವ ಮರದ ಚೂರುಗಳ ಹಾಸಿನ ಮೂಲಕ ಹಾಯಿಸಿ ಬಿಡುತ್ತೇವೆ ಎಂದೂ ಬರೆದುಕೊಟ್ಟಿದ್ದಾರೆ. ಅದು ಇನ್ನೂ ಆಗಿಲ್ಲ. ಅವರು ಹೇಳಿದ ತಾರೀಖು ದಾಟಿ ಹನ್ನೊಂದು ದಿನವಾಯಿತು, ಜ್ಞಾಪನ ಪತ್ರ ನಿನ್ನೆ ಕೊಟ್ಟು ಬಂದೆವು.

ಅಜ್ಜಿಯ ಪುಸ್ತಕದಲ್ಲಿ ನಿನ್ನೆ ರಾತ್ರಿಯ ಸಾಲು ಹೀಗಿದೆ: 2.10. ಸದ್ದು ಇದೆ. ವಾಸನೆ 1. ಕಿಟಕಿ ತೆಗೆದಿದ್ದೆ.