ಬರಬ್ಬನ ಹೆಸರು ಕೂಗಿದ ಮಧ್ಯಾಹ್ನ

ಶುಭ ಶುಕ್ರವಾರದ ಆರಾಧನೆಗೆ ಆ ಸಲ ಗೆಳತಿಯೊಬ್ಬಳು ನನ್ನ ಜೊತೆ ಬಂದಿದ್ದಳು. ಅವಳು ಕ್ರೈಸ್ತಳಲ್ಲ. ಬಲಿಪೀಠದ ಮೇಲೆ ಬಟ್ಟೆಯಿಲ್ಲ, ಮೇಣದಬತ್ತಿಯಿಲ್ಲ. ಆ ದಿನ ಬಲಿಪೂಜೆಯೂ ಇಲ್ಲ, ಹಿಂದಿನ ಸಂಜೆಯ ಪೂಜೆಯಲ್ಲಿ ಎತ್ತಿಟ್ಟ ಪರಮಪ್ರಸಾದವನ್ನೇ (ಪವಿತ್ರ ರೊಟ್ಟಿಯನ್ನು) ಹಂಚುತ್ತಾರೆ.

ಬೈಬಲಿನ ಸಂತ ಯೊವಾನ್ನರ ಶುಭಸಂದೇಶದಿಂದ ಪಾಡುಗಳ ಭಾಗ, ಅಂದರೆ ಯೇಸುವಿನ ಬಂಧನ, ವಿಚಾರಣೆ, ಮರಣದ ಕಥೆ ಓದುವಾಗ ಜನರ ಗುಂಪಿನ ಮಾತನ್ನು ನಾವೇ ಹೇಳಬೇಕು. ಯೇಸುವನ್ನು ಬಿಟ್ಟುಬಿಡಲೇ ಅಂತ ರೋಮನ್ ಅಧಿಕಾರಿ ಪಿಲಾತ ಕೇಳುತ್ತಾನೆ. ಬರಬ್ಬ ಸೆರೆಯಲ್ಲಿದ್ದ ದರೋಡೆಕೋರ. "ಇವನು ಬೇಡ, ಬರಬ್ಬ ಬೇಕು" ಅಂತ ಎಲ್ಲರ ಜೊತೆ ನಾನೂ ಕೂಗಿದೆ. ಚಿಕ್ಕಂದಿನಿಂದ ಹೇಳಿಕೊಂಡು ಬಂದ ಮಾತು. ಪಕ್ಕದಲ್ಲಿದ್ದವಳು ತಟ್ಟನೆ ತಿರುಗಿ ನನ್ನ ಮುಖ ನೋಡಿದಳು. ಗಂಟಲು ಕಟ್ಟಿತು. ಮುಂದಿನ "ಶಿಲುಬೆಗೇರಿಸು" ಮೆಲ್ಲಗೆ ಬಂತು. ಯೇಸುಸ್ವಾಮಿ ಪ್ರಾಣಬಿಟ್ಟರು ಅನ್ನುವಲ್ಲಿ ಎಲ್ಲರೂ ಮೊಣಕಾಲೂರಿದೆವು. ಅವಳೂ.

ಹೊರಗೆ ಬಂದ ಮೇಲೆ ನೇರವಾಗಿಯೇ ಕೇಳಿದಳು. "ಕ್ಷಮಿಸೋಕೆ ದೇವರಿಗೆ ಒಬ್ಬ ನಿರಪರಾಧಿಯ ರಕ್ತ ಬೇಕಿತ್ತಾ? ಸುಮ್ನೆ ಕ್ಷಮಿಸಬಹುದಿತ್ತು ಅಲ್ವಾ?"

ಕ್ರೈಸ್ತರೇ ಶತಮಾನಗಳಿಂದ ಕೇಳಿಕೊಂಡು ಬಂದ ಪ್ರಶ್ನೆ ಇದು. 11ನೇ ಶತಮಾನದ ಕೊನೆಯಲ್ಲಿ ದೈವಶಾಸ್ತ್ರಜ್ಞ ಸಂತ ಆನ್ಸೆಲ್ಮ್ ಪಾಪವನ್ನು ಸಾಲದಂತೆ ಕಂಡರು. ಅದನ್ನು ತೀರಿಸುವ ಶಕ್ತಿ ಮನುಷ್ಯನಿಗಿಲ್ಲ, ಹಾಗಾಗಿ ದೇವರೇ ಮನುಷ್ಯರಾಗಿ ಬಂದು ತೀರಿಸಿದರು ಅಂದರು. ನಂತರ ಬಂದ ಇನ್ನೊಬ್ಬ ದೈವಶಾಸ್ತ್ರಜ್ಞ ಅಬೆಲಾರ್ಡ್, ಶಿಲುಬೆಯಲ್ಲಿ ಕಾಣುವ ಪ್ರೀತಿ ನಮ್ಮ ಮನಸ್ಸನ್ನು ತಿರುಗಿಸುವುದಕ್ಕೇ ಒತ್ತು ಕೊಟ್ಟರು. ನನಗೆ ಇಬ್ಬರೂ ಬೇಕು. ಆದರೆ ಹೆಚ್ಚು ಹತ್ತಿರವಾಗುವುದು ಬೈಬಲಿನಲ್ಲಿರುವ, ಹಿಬ್ರಿಯರಿಗೆ ಬರೆದ ಪತ್ರ.

ಅದು ಯೆಹೂದ್ಯರ ಹಳೆಯ ಬಲಿಯ ಪದ್ಧತಿಯನ್ನು ನೆನಪಿಸುತ್ತದೆ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ, ಯಾಜಕಕಾಂಡದ 16ನೇ ಅಧ್ಯಾಯದಲ್ಲಿ ಎರಡು ಹೋತಗಳು ಬರುತ್ತವೆ. ಒಂದನ್ನು ಕೊಯ್ಯುತ್ತಾರೆ. ಇನ್ನೊಂದರ ತಲೆಯ ಮೇಲೆ ಪ್ರಧಾನ ಯಾಜಕ ಎರಡೂ ಕೈಯಿಟ್ಟು, ಜನರ ಪಾಪಗಳನ್ನೆಲ್ಲ ಹೇಳಿ, ಬೆಂಗಾಡಿಗೆ ಅಟ್ಟಿಸುತ್ತಾನೆ. ವರ್ಷ ವರ್ಷವೂ ಇದೇ. ಯೇಸುವಿನಲ್ಲಿ ಅದು ಒಂದೇ ಸಲಕ್ಕೆ ಮುಗಿಯಿತು ಅನ್ನುತ್ತದೆ ಆ ಪತ್ರ. ಯಾಜಕರೂ ಅವರೇ, ಬಲಿಯೂ ಅವರೇ. ಕೋಪಗೊಂಡ ದೇವರಿಗೆ ಯಾರೋ ಯಾರನ್ನೋ ಹಿಡಿದು ಕೊಟ್ಟಿದ್ದಲ್ಲ, ದೇವರೇ ತಮ್ಮನ್ನು ಕೊಟ್ಟುಕೊಂಡದ್ದು. ನಾವಿನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತ ನಮಗಾಗಿ ಸತ್ತರು ಅಂತ ಸಂತ ಪೌಲರು ರೋಮನರಿಗೆ ಬರೆದಿದ್ದಾರಲ್ಲ, ಅದನ್ನೂ ಅವಳಿಗೆ ಹೇಳಿದೆ.

"ಆಮೇಲೆ ಬರಬ್ಬ ಏನಾದ?" ಅಂದಳು.

ಬಿಡುಗಡೆಯಾದ, ಅಷ್ಟೇ. ಪಶ್ಚಾತ್ತಾಪಪಟ್ಟನೋ ಇಲ್ಲವೋ, ಶುಭಸಂದೇಶ ಹೇಳುವುದಿಲ್ಲ. ನನಗೆ ಜಾಸ್ತಿ ತಟ್ಟುವುದು ಅದೇ. ಆ ಬಿಡುಗಡೆ ಗಳಿಸಲು ಅವನು ಏನೂ ಮಾಡಿರಲಿಲ್ಲ. ಅವನು ಬದುಕಿದ, ಇನ್ನೊಬ್ಬರು ಸತ್ತರು. ನನಗೆ ರಕ್ಷಣೆ ಸಿಕ್ಕಿದ್ದೂ ಹೀಗೇ, ಪುಣ್ಯ ಗಳಿಸಿ ಅಲ್ಲ ಅಂತ ನಾನು ನಂಬಿದ್ದೇನೆ.

ಅವಳು ಪೂರ್ತಿ ಒಪ್ಪಲಿಲ್ಲ. ಆದರೆ ಮನೆಗೆ ಹೋಗಿ ಆ ಭಾಗ ಓದುತ್ತೇನೆ ಅಂದಳು. ಯೇಸು ಸತ್ತವರೊಳಗಿಂದ ಎದ್ದು ಬಂದ ಪುನರುತ್ಥಾನ ಇಲ್ಲದಿದ್ದರೆ ನಮ್ಮ ನಂಬಿಕೆಯೇ ವ್ಯರ್ಥ ಅನ್ನುತ್ತಾರೆ ಪೌಲರು. ಅದಕ್ಕೇ ಯೊವಾನ್ನರ 18, 19 ಓದಿ ಅಲ್ಲಿಗೇ ನಿಲ್ಲಿಸಬೇಡ, ಪುನರುತ್ಥಾನದ ಕಥೆ ಇರುವ 20ನೇ ಅಧ್ಯಾಯವನ್ನೂ ಓದು ಅಂದೆ.