ರಿಪೋರ್ಟ್ ನಾರ್ಮಲ್ ಅಂದ ಮೇಲೂ ಇನ್ನೊಬ್ಬ ಡಾಕ್ಟರ್ ಯಾಕೆ?

"ರಿಪೋರ್ಟ್ ಎಲ್ಲಾ ನಾರ್ಮಲ್ ಬಂದಿದೆಯಲ್ಲ, ಮತ್ತೆ ಇನ್ನೊಬ್ಬ ಡಾಕ್ಟರ್ ಯಾಕೆ?" ನೆಂಟರು ಕೇಳುತ್ತಾರೆ, ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ, ಮದುವೆ ಊಟಕ್ಕೆ ಕೂತರೆ ಪಕ್ಕದ ಎಲೆಯವರೂ ಕೇಳುತ್ತಾರೆ. ಕೆಲವರಿಗೆ ನಿಜವಾದ ಕಾಳಜಿ. ಇನ್ನು ಕೆಲವರ ದನಿಯಲ್ಲಿ "ಇವಳಿಗೆ ಆಸ್ಪತ್ರೆ ಸುತ್ತೋದೇ ಒಂದು ಚಟ" ಅನ್ನೋದು ಅಡಗಿರುತ್ತದೆ. ಪಾಯಸ ಬರುವಷ್ಟರಲ್ಲಿ ಹೇಳಿ ಮುಗಿಸೋ ಉತ್ತರ ಅಲ್ಲ ಇದು. ಅದಕ್ಕೇ ಬರೆದಿಡುತ್ತಿದ್ದೇನೆ.

ನನಗಿರುವುದು ಫೈಬ್ರೊಮಯಾಲ್ಜಿಯಾ. ಮೈಯ ಹತ್ತಾರು ಕಡೆ ತಿಂಗಳುಗಟ್ಟಲೆ ನೋವು, ಎಷ್ಟು ಮಲಗಿದರೂ ಹೋಗದ ಸುಸ್ತು, ಮಾತಾಡುತ್ತಾ ಇದ್ದ ಹಾಗೇ ಏನು ಹೇಳುತ್ತಿದ್ದೆ ಅನ್ನೋದೇ ಮರೆತುಹೋಗುವುದು. ಪೆಟ್ಟು ಬಿದ್ದಿರಲ್ಲ, ಊತ ಇರಲ್ಲ. ಮೆದುಳು, ಬೆನ್ನುಹುರಿ ನೋವಿನ ಸಂಕೇತಗಳನ್ನು ಇರುವುದಕ್ಕಿಂತ ಜೋರು ಮಾಡಿಬಿಡುತ್ತವೆ. ಇದು ರಕ್ತ ಪರೀಕ್ಷೆಯಲ್ಲಿ ಸಿಗಲ್ಲ, ಎಕ್ಸ್‌ರೇಯಲ್ಲಿ ಸಿಗಲ್ಲ, ಎಂಆರ್‌ಐಯಲ್ಲೂ ಸಿಗಲ್ಲ. ಥೈರಾಯ್ಡ್, ಉರಿಯೂತಕ್ಕೆ ಇಎಸ್‌ಆರ್, ಸಂಧಿವಾತಕ್ಕೆ ಆರ್‌ಎ ಫ್ಯಾಕ್ಟರ್ ಎಲ್ಲ ಮಾಡಿಸುವುದು ಬೇರೆ ಕಾಯಿಲೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲಿಕ್ಕೆ. ಅವು ನಾರ್ಮಲ್ ಬಂದರೆ ಆ ಕಾಯಿಲೆಗಳು ಇರುವ ಸಾಧ್ಯತೆ ಕಡಿಮೆ ಅಂತ ಆಯಿತು. ನೋವೇ ಇಲ್ಲ ಅಂತ ಹೇಗಾಗುತ್ತದೆ?

ಹಾಗಾದರೆ ಇದನ್ನು ಪತ್ತೆ ಮಾಡುವುದು ಹೇಗೆ? ಅಮೆರಿಕದ ರೂಮಟಾಲಜಿ (ಕೀಲು, ಸ್ನಾಯು ಕಾಯಿಲೆಗಳ) ತಜ್ಞರ ಸಂಘ 1990ರಲ್ಲಿ ಮಾಡಿದ ನಿಯಮದ ಪ್ರಕಾರ ಮೈಮೇಲೆ 18 ಜಾಗ ಒತ್ತಿ ನೋಡಬೇಕಿತ್ತು, ಕನಿಷ್ಠ 11 ಕಡೆ ನೋಯಬೇಕಿತ್ತು. 2010ರ ಹೊಸ ನಿಯಮದಲ್ಲಿ ಒತ್ತಿ ನೋಡುವುದನ್ನೂ ಕೈಬಿಟ್ಟರು. ಕಳೆದ ವಾರ ದೇಹದ 19 ಭಾಗಗಳಲ್ಲಿ ಎಲ್ಲೆಲ್ಲಿ ನೋವಿತ್ತು? ಸುಸ್ತು ಎಷ್ಟು? ಎದ್ದಾಗ ನಿದ್ದೆ ಆದ ಹಾಗೆ ಅನ್ನಿಸುತ್ತಾ? ಮರೆವು ಹೇಗಿದೆ? ಮೂರು ತಿಂಗಳಿಂದ ಹೀಗೇ ಇದೆಯಾ? ಎಲ್ಲಾ ಪ್ರಶ್ನೆಗಳೇ ನೋಡಿ. ಈ ಕಾಯಿಲೆಯ ಮಟ್ಟಿಗೆ ರೋಗಿ ಹೇಳೋದನ್ನು ಕೂತು ಕೇಳುವುದೇ ಮುಖ್ಯ ಟೆಸ್ಟು.

ಡಾಕ್ಟರು ನನ್ನ ಮಾತು ಕೇಳಲಿಲ್ಲ ಅಂದರೆ ಜನ ಅದನ್ನು ಮರ್ಯಾದೆಯ ಪ್ರಶ್ನೆ ಅಂದುಕೊಳ್ಳುತ್ತಾರೆ. "ಪಾಪ, ಅವರಿಗೂ ರಶ್ ಇರುತ್ತಲ್ವಾ" ಅನ್ನುತ್ತಾರೆ. ಮರ್ಯಾದೆ ಹಾಗಿರಲಿ ಬಿಡಿ. ಮಾಡಬೇಕಾದ ಟೆಸ್ಟನ್ನೇ ಮಾಡದೆ ಕಳಿಸಿದರು ಅನ್ನೋದು ನನ್ನ ತಕರಾರು. ಆ ಟೆಸ್ಟ್ ಬಾಕಿ ಇತ್ತು, ಇನ್ನೊಬ್ಬರ ಹತ್ತಿರ ಹೋದೆ. ಅಷ್ಟೇ.

ಅದು ಹೇಗೆ ತಪ್ಪಿಹೋಗುತ್ತದೆ ಅಂತ ಹೇಳುತ್ತೇನೆ. ಒಂದು ದೊಡ್ಡ ಆಸ್ಪತ್ರೆ, ಹೆಸರು ಬೇಡ. ಟೋಕನ್ ತಗೊಂಡು ಅರ್ಧ ದಿನ ಕಾದು ಒಳಗೆ ಹೋದೆ.

"ಏನಮ್ಮಾ ತೊಂದರೆ?"

"ಸರ್, ಬೆಳಿಗ್ಗೆ ಎದ್ದ ಕೂಡಲೇ ಭುಜ..."

ಫೈಲ್ ತಿರುವುತ್ತಿದ್ದವರು "ಎಲ್ಲಾ ನಾರ್ಮಲ್ ಇದೆಯಲ್ಲ" ಅಂದರು. ಆಮೇಲೆ ನನ್ನ ಹಿಂದೆ ನಿಂತಿದ್ದ ಯಜಮಾನರ ಮುಖ ನೋಡಿ, "ಮನೇಲಿ ಏನಾದ್ರೂ ಟೆನ್ಷನ್ ಇದೆಯಾ ಇವರಿಗೆ?"

ನೋವು ನನಗೆ, ಪ್ರಶ್ನೆ ಅವರಿಗೆ. ನಮ್ಮ ಯಜಮಾನರು ತಬ್ಬಿಬ್ಬಾಗಿ, "ಅಂಥದ್ದೇನಿಲ್ಲ ಸರ್, ಸ್ವಲ್ಪ ಜಾಸ್ತಿ ಯೋಚನೆ ಮಾಡ್ತಾಳೆ" ಅಂದುಬಿಟ್ಟರು. ಅಲ್ಲಿಗೆ ಕೇಸ್ ಮುಗೀತು. ವಾರಕ್ಕೊಂದು 60,000 ಯೂನಿಟ್ ವಿಟಮಿನ್ ಡಿ ಸ್ಯಾಷೆ, ಕ್ಯಾಲ್ಸಿಯಂ, ಒಂದು ಗ್ಯಾಸ್ ಮಾತ್ರೆ. ಚೀಟಿ ಕೈಗೆ ಬರುವ ಮೊದಲೇ ಅಟೆಂಡರ್ ಮುಂದಿನ ನಂಬರ್ ಕೂಗಿಯಾಗಿತ್ತು. (ಮನೆಗೆ ಬರುವ ದಾರಿಯಲ್ಲಿ ನಡೆದ ಜಗಳ ಬೇರೆ ಕಥೆ.)

ಇದು ನಮ್ಮೂರಿನ ಡಾಕ್ಟರುಗಳ ಕಥೆ ಮಾತ್ರ ಅಲ್ಲ. 1984ರಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಅನ್ನೋ ಇಬ್ಬರು ಅಮೆರಿಕದಲ್ಲಿ 74 ಭೇಟಿಗಳ ರೆಕಾರ್ಡಿಂಗ್ ಕೇಳಿ ನೋಡಿದರು. ರೋಗಿ ಬಾಯಿ ತೆರೆದ ಸರಾಸರಿ 18 ಸೆಕೆಂಡಿಗೆ ಡಾಕ್ಟರು ಮಧ್ಯೆ ಮಾತು ಹಾಕುತ್ತಿದ್ದರು. 2017ರಲ್ಲಿ ಬಂದ ಇನ್ನೊಂದು ಅಧ್ಯಯನ ಬೇರೆ ಬೇರೆ ದೇಶಗಳಲ್ಲಿ ಡಾಕ್ಟರು ಒಬ್ಬ ರೋಗಿಗೆ ಕೊಡುವ ಸಮಯವನ್ನು ಹೋಲಿಸಿತು. ಸ್ವೀಡನ್‌ನಲ್ಲಿ ಇಪ್ಪತ್ತೆರಡೂವರೆ ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಐದು ನಿಮಿಷಕ್ಕಿಂತ ಕಡಿಮೆ ಸಿಗುವ ದೇಶಗಳ ಸಾಲಿನಲ್ಲಿ ನಾವೂ ಇದ್ದೇವೆ. ಹೊರಗೆ ನೂರು ಜನ ಕೂತಿರುವಾಗ ಒಬ್ಬ ಡಾಕ್ಟರು ಎಷ್ಟಂತ ಕೇಳಿಯಾರು, ಅದೂ ನಿಜ. ಆದರೆ ಟೈಮಿಲ್ಲ ಅಂದರೆ ಟೈಮಿಲ್ಲ ಅನ್ನಲಿ. ಟೈಮಿಲ್ಲದ್ದಕ್ಕೆ ನನ್ನ ಮನಸ್ಸಿನ ಮೇಲೆ ಯಾಕೆ ಹಾಕಬೇಕು?

ಮನಸ್ಸಿಗೂ ನೋವಿಗೂ ಸಂಬಂಧವೇ ಇಲ್ಲ ಅಂತ ನಾನು ವಾದಿಸುತ್ತಿಲ್ಲ. ವರ್ಷಗಟ್ಟಲೆ ನೋವು ತಿಂದವರಿಗೆ ಬೇಜಾರು, ಭಯ ಬರದೆ ಇರುತ್ತಾ? ಬೇಜಾರಿನಲ್ಲಿ ನೋವು ಇನ್ನೂ ಜಾಸ್ತಿ ಆಗೋದೂ ಉಂಟು. ಹಾಗಂತ ನೋವು ಸುಳ್ಳಲ್ಲ. ನೋವಿನ ಅಧ್ಯಯನಕ್ಕೇ ಇರುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯೆ ತಿದ್ದಿದಾಗ, ನೋವಿದೆ ಅಂತ ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕು ಅಂತಲೂ ಜೊತೆಗೆ ಬರೆಯಿತು.

ಸ್ಕ್ಯಾನನ್ನೇ ದೇವರು ಅಂದುಕೊಂಡವರಿಗೆ ಇನ್ನೊಂದು ಮಾತು. ಬೆನ್ನುನೋವೇ ಇಲ್ಲದ ಜನರ ಸ್ಕ್ಯಾನ್‌ಗಳನ್ನು ಒಟ್ಟುಹಾಕಿ 2015ರಲ್ಲಿ ಒಂದು ವಿಮರ್ಶೆ ಬಂತು. ಇಪ್ಪತ್ತರ ವಯಸ್ಸಿನವರಲ್ಲೇ 37% ಜನರ ಡಿಸ್ಕ್ ಸವೆದಿತ್ತು, ಎಂಬತ್ತರಲ್ಲಿ 96%. ಅಷ್ಟು ಸವೆದಿದ್ದರೂ ಅವರು ಆರಾಮಾಗಿ ಓಡಾಡಿಕೊಂಡಿದ್ದವರು. ಚಿತ್ರ ಕೆಟ್ಟಿದ್ದೂ ನೋವಿಲ್ಲದೆ ಇರಬಹುದಾದರೆ, ಚಿತ್ರ ಚೆನ್ನಾಗಿದ್ದೂ ನೋವಿರಬಾರದಾ?

ಕೊನೆಗೆ ನನ್ನ ಕಾಯಿಲೆಗೆ ಹೆಸರು ಹೇಳಿದ್ದು ಒಬ್ಬ ರೂಮಟಾಲಜಿಸ್ಟ್. ಫೈಲನ್ನು ಪಕ್ಕಕ್ಕಿಟ್ಟು ಅವರು ಕೇಳಿದ ಮೊದಲ ಪ್ರಶ್ನೆ: "ಮೊದಲು ಮಾಡ್ತಿದ್ದ ಯಾವ ಕೆಲಸ ಈಗ ಮಾಡೋಕಾಗ್ತಿಲ್ಲ?" ಒದ್ದೆ ಬೆಡ್‌ಶೀಟ್ ಹಿಂಡೋಕಾಗಲ್ಲ, ಕಾಯಿ ತುರಿಯುವಾಗ ಅರ್ಧಕ್ಕೇ ನಿಲ್ಲಿಸ್ತೀನಿ, ಬೋರ್ಡ್ ಮೇಲೆ ಬರೆಯೋವಾಗ ಕೈ ಇಳಿಸಿ ಇಳಿಸಿ ಬರೀತೀನಿ ಅಂದೆ. ಅವರು ಬರೆದುಕೊಳ್ಳುತ್ತಾ ಹೋದರು. ವಾಸಿ ಮಾಡ್ತೀನಿ ಅಂತ ಅವರು ಹೇಳಲಿಲ್ಲ. ರಾತ್ರಿಗೆ 10 ಎಂಜಿ ಅಮಿಟ್ರಿಪ್ಟಿಲಿನ್ ಬರೆದರು, ದಿನಾ ಸ್ವಲ್ಪ ಸ್ವಲ್ಪವೇ ನಡಿಗೆ ಜಾಸ್ತಿ ಮಾಡಲು ಹೇಳಿದರು. ನಡಿಗೆ ಅಂತ ಆ ದೊಡ್ಡ ಆಸ್ಪತ್ರೆಯಲ್ಲಿ ಹೇಳಿದ್ದರೆ ಸಿಟ್ಟು ಬರುತ್ತಿತ್ತೇನೋ. ಇವರು ಕೇಳಿಸಿಕೊಂಡು ಹೇಳಿದರು, ಮಾಡಿದೆ. ಮಾತ್ರೆಯ ಹೆಸರನ್ನು ಗೂಗಲ್ ಮಾಡಿದ ನಾದಿನಿ ಮಾತ್ರ "ಅತ್ತಿಗೆ, ಇದು ಡಿಪ್ರೆಷನ್ ಮಾತ್ರೆ!" ಅಂತ ಫೋನ್ ಮಾಡಿದಳು. ಹೌದು, ಅದಕ್ಕೂ ಕೊಡುತ್ತಾರೆ, ಡೋಸ್ ಜಾಸ್ತಿ ಇರುತ್ತದೆ. ಕಡಿಮೆ ಡೋಸಿನಲ್ಲಿ ನೋವಿಗೆ, ನಿದ್ದೆಗೆ ಕೊಡುವುದು ಹಳೇ ರೂಢಿ.

ಅಂದಿನಿಂದ ಯಾವ ಡಾಕ್ಟರ ಹತ್ತಿರ ಹೋದರೂ ಫೈಲ್ ಮೊದಲು ಕೊಡಲ್ಲ. ಒಂದೇ ಹಾಳೆ ಕೊಡುತ್ತೇನೆ. ಯಾವಾಗಿಂದ, ಎಲ್ಲೆಲ್ಲಿ, ಏನು ಮಾಡೋಕಾಗ್ತಿಲ್ಲ, ಯಾವ ಮಾತ್ರೆ ತಗೊಂಡೆ, ಏನಾಯ್ತು. "ತುಂಬಾ ನೋವು" ಅಂತ ಎಲ್ಲೂ ಬರೆಯಲ್ಲ, ಬೆಡ್‌ಶೀಟ್ ಅಂತ ಬರೆಯುತ್ತೇನೆ. ಯಜಮಾನರು ಈಗಲೂ ಜೊತೆಗೆ ಬರುತ್ತಾರೆ. ಪ್ರಶ್ನೆ ಅವರ ಕಡೆ ಹೋದರೆ "ಅವಳನ್ನೇ ಕೇಳಿ ಸರ್" ಅನ್ನೋದು ನಮ್ಮಿಬ್ಬರ ಒಪ್ಪಂದ.

ಇದನ್ನು ಹೇಳಿದ ಮೇಲೆ ಒಬ್ಬರಾದರೂ "ನನಗೂ ಹೀಗೇ, ಇದೇ ಇರಬೇಕು" ಅನ್ನುತ್ತಾರೆ. ಇರಬಹುದು, ಆದರೆ ನೀವೇ ತೀರ್ಮಾನ ಮಾಡಬೇಡಿ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಗಂಟಿನ ಊತ ಇದ್ದರೆ ಬೇರೆ ಪರೀಕ್ಷೆ ಬೇಕು. ಬೆನ್ನುನೋವಿನ ಜೊತೆ ಕಾಲಿನ ಶಕ್ತಿ ಹೋದರೆ, ತೊಡೆಸಂದು ಜೋಮು ಹಿಡಿದರೆ, ಮೂತ್ರ ಹಿಡಿತಕ್ಕೆ ಸಿಗದಿದ್ದರೆ ಟೋಕನ್‌ಗೂ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ.